ದೊಡ್ಡದೆಲ್ಲ ಒಳ್ಳೆಯದಲ್ಲ!

ರೋಟರಿ ಎಂಜಿನ್ನಿಗೆ ಕಾರ್ಬ್ಯುರೇಟರ್ ಆರಿಸುವುದು, ಹದಗೊಳಿಸುವುದು ಬರೀ ಗ್ಯಾರೇಜಿನ ಕೆಲಸವಲ್ಲ. ಶಾಲೆಯಲ್ಲಿ ಕಲಿತ ಭೌತಶಾಸ್ತ್ರಕ್ಕೆ ಅದೊಂದು ಕಠಿಣ ಪರೀಕ್ಷೆ.

ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳಲ್ಲಿ ಕಾರಿನ ಹುಚ್ಚು ಹಿಡಿದ ಹುಡುಗರ ಪಾಲಿಗೆ ಜಪಾನಿನ ಮಾಜ್ದಾ ಕಂಪೆನಿಯ ಆರ್‌ಎಕ್ಸ್–7 ಕಾರು ಒಂದು ಕನಸು. 1978ರಲ್ಲಿ ಮಾರುಕಟ್ಟೆಗೆ ಬಂದ ಈ ಪುಟ್ಟ ಕಾರಿನ ಬಾನೆಟ್ ಎತ್ತಿದರೆ ಪಿಸ್ಟನ್ ಎಂಜಿನ್ ಕಾಣುವುದಿಲ್ಲ. ಅಲ್ಲಿರುವುದು ಗಿರಗಿರನೆ ತಿರುಗುವ ರೋಟರಿ ಎಂಜಿನ್.

ಇಂಥದೊಂದು ಹಳೆಯ ಕಾರನ್ನು ಕೂಡಿಟ್ಟ ಹಣದಲ್ಲಿ ಕೊಂಡ ಕಾಲೇಜು ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಕಂಪೆನಿಯೇ ಕೊಟ್ಟಿದ್ದ ಕಾರ್ಬ್ಯುರೇಟರ್ ಸವೆದಿದೆ. ಸೋರುತ್ತದೆ, ಕೆಮ್ಮುತ್ತದೆ. ಹೊಸದನ್ನು ಹಾಕುವುದೇ ಆದರೆ ದೊಡ್ಡದನ್ನೇ ಏಕೆ ಹಾಕಬಾರದು ಎಂದು ಹುಡುಗನ ತರ್ಕ. ದೊಡ್ಡ ಕಾರ್ಬ್ಯುರೇಟರ್, ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ವೇಗ! ಕೇಳಲು ಸರಿಯಾಗಿಯೇ ಇದೆ. ಆದರೆ ಇದನ್ನು ನಂಬಿ ಹೊರಟ ಕಾರು ಸಿಗ್ನಲ್ಲಿನಲ್ಲಿ ನಿಂತಲ್ಲೇ ಉಸಿರುಗಟ್ಟುತ್ತದೆ. ದುರದೃಷ್ಟವಿದ್ದರೆ ಎಂಜಿನ್ನೇ ಒಡೆದುಹೋಗುತ್ತದೆ. ಹೀಗೇಕಾಗುತ್ತದೆ?

ತ್ರಿಕೋನದ ಕುಣಿತ

ರೋಟರಿ ಎಂಜಿನ್ನಿನ ಜನಕ ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ (1902–1988). ಎನ್‌ಎಸ್‌ಯು ಕಂಪೆನಿಯಲ್ಲಿ ಆತನ ಮೊದಲ ಮಾದರಿ ಎಂಜಿನ್ ಓಡಿದ್ದು 1957ರಲ್ಲಿ. ಅದನ್ನು ಪಳಗಿಸಿ ರಸ್ತೆಗಿಳಿಸುವ ಹಟ ತೊಟ್ಟದ್ದು ಹಿರೋಶಿಮಾದ ಮಾಜ್ದಾ. ಕೆನಿಚಿ ಯಮಾಮೊಟೊ ಅವರ ನೇತೃತ್ವದಲ್ಲಿ 47 ಮಂದಿ ಎಂಜಿನಿಯರುಗಳು ವರ್ಷಗಟ್ಟಲೆ ದುಡಿದ ಫಲವಾಗಿ 1967ರಲ್ಲಿ ‘ಕಾಸ್ಮೊ ಸ್ಪೋರ್ಟ್’ ಕಾರು ಹೊರಬಂತು. 1991ರಲ್ಲಿ ಮಾಜ್ದಾದ ನಾಲ್ಕು ರೋಟರಿನ 787ಬಿ ಕಾರು ಫ್ರಾನ್ಸಿನ ಲ ಮಾನ್ 24 ಗಂಟೆಗಳ ಓಟವನ್ನೇ ಗೆದ್ದಿತು. ಆ ಓಟ ಗೆದ್ದ ಮೊದಲ ಜಪಾನಿ ಕಾರು ಅದು.

ಈ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ, ವಾಲ್ವ್‌ಗಳೂ ಇಲ್ಲ. ನಡು ಕೊಂಚ ಒತ್ತಿದ ಅಂಡಾಕಾರದ ಕೋಣೆಯೊಳಗೆ ಉಬ್ಬಿದ ಬದಿಗಳ ತ್ರಿಕೋನವೊಂದು ಓಲಾಡುತ್ತ ಸುತ್ತುತ್ತದೆ. ಇದೇ ರೋಟರ್. ಅದರ ಮೂರು ಮುಖಗಳಲ್ಲೂ ಗಾಳಿ–ಪೆಟ್ರೋಲಿನ ಮಿಶ್ರಣವನ್ನು ಎಳೆದುಕೊಳ್ಳುವ, ಒತ್ತುವ, ಉರಿಸುವ, ಹೊಗೆಯನ್ನು ಹೊರದಬ್ಬುವ ಕೆಲಸ ಒಂದರ ಹಿಂದೊಂದು ನಡೆಯುತ್ತಲೇ ಇರುತ್ತದೆ. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಎಂಜಿನ್ನಿನ ದಂಡ ಮೂರು ಸುತ್ತು ತಿರುಗಿರುತ್ತದೆ. ಅಂದರೆ ದಂಡದ ಪ್ರತಿ ಸುತ್ತಿಗೂ ಪ್ರತಿ ರೋಟರ್ ಒಂದು ಬಾರಿ ಉಸಿರೆಳೆಯುತ್ತದೆ. ಸಾಮಾನ್ಯ ನಾಲ್ಕು ಸ್ಟ್ರೋಕಿನ ಎಂಜಿನ್ನಿನ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಮಾತ್ರ ಉಸಿರೆಳೆಯುತ್ತದೆ.

ತ್ರಿಕೋನದ ಮೂರು ಮೂಲೆಗಳಲ್ಲಿ ಲೋಹದ ತೆಳುಪಟ್ಟಿಗಳಿವೆ. ಇವಕ್ಕೆ ಏಪೆಕ್ಸ್ ಸೀಲ್ ಎಂದು ಹೆಸರು. ಕೋಣೆಯ ಗೋಡೆಯನ್ನು ಸದಾ ಉಜ್ಜುತ್ತ, ಒಂದು ಮುಖದ ಅನಿಲ ಇನ್ನೊಂದಕ್ಕೆ ನುಗ್ಗದಂತೆ ತಡೆಯುವುದು ಇವುಗಳ ಕೆಲಸ. ಎಂಜಿನ್ನಿನ ಪ್ರಾಣ ಇರುವುದೇ ಇಲ್ಲಿ. ಕಾರ್ಬ್ಯುರೇಟರಿನ ತಪ್ಪಿಗೆ ಕೊನೆಗೆ ದಂಡ ತೆರುವುದೂ ಇವೇ.

ಗಾಳಿಯ ಲೆಕ್ಕ

ಕಾರ್ಬ್ಯುರೇಟರ್ ಕೆಲಸ ಮಾಡುವುದು ಹೈಸ್ಕೂಲಿನ ಪಾಠದಲ್ಲಿ ಬರುವ ತತ್ತ್ವದಂತೆ. ಕೊಳವೆಯ ಕೊರಳು ಕಿರಿದಾದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಇಟಲಿಯ ವಿಜ್ಞಾನಿ ವೆಂಚುರಿಯ ಹೆಸರು ಈ ಕೊರಳಿಗೆ ಅಂಟಿಕೊಂಡಿದೆ. ಒತ್ತಡ ಇಳಿದಾಗ ಪಕ್ಕದ ಪುಟ್ಟ ಬಟ್ಟಲಿನಲ್ಲಿರುವ ಪೆಟ್ರೋಲು ‘ಜೆಟ್’ ಎಂಬ ಸೂಕ್ಷ್ಮ ರಂಧ್ರದ ಮೂಲಕ ಮೇಲೆದ್ದು ಗಾಳಿಯೊಡನೆ ಬೆರೆಯುತ್ತದೆ. ಪೆಟ್ರೋಲನ್ನು ಎಳೆಯುವುದು ಗಾಳಿಯ ವೇಗ ಎಂಬುದನ್ನು ಮರೆಯಬಾರದು.

ಈಗ ಲೆಕ್ಕ ನೋಡೋಣ. ಮೊದಲ ಆರ್‌ಎಕ್ಸ್–7ರ ‘12ಎ’ ಎಂಜಿನ್ನಿನ ಗಾತ್ರ 1146 ಸಿಸಿ. ತಲಾ 573 ಸಿಸಿಯ ಎರಡು ರೋಟರುಗಳು. ಪ್ರತಿ ಸುತ್ತಿಗೆ ಎರಡೂ ರೋಟರುಗಳು ಉಸಿರೆಳೆಯುವುದರಿಂದ ಒಂದು ಸುತ್ತಿಗೆ 1.146 ಲೀಟರ್ ಗಾಳಿ ಬೇಕು. ನಿಮಿಷಕ್ಕೆ 7000 ಸುತ್ತು ತಿರುಗಿದರೆ ಸುಮಾರು 8,020 ಲೀಟರ್. ಅಮೆರಿಕದ ಅಂಗಡಿಗಳ ಭಾಷೆಯಲ್ಲಿ ಇದು ನಿಮಿಷಕ್ಕೆ 283 ಘನ ಅಡಿ. ಗಾಳಿಯ ಬಳಕೆಯಲ್ಲಿ ಈ ‘ಪುಟ್ಟ’ ಎಂಜಿನ್ 2.3 ಲೀಟರಿನ ಪಿಸ್ಟನ್ ಎಂಜಿನ್ನಿಗೆ ಸಮ. 1146 ಸಿಸಿ ಎಂಬ ಅಂಕಿಯನ್ನಷ್ಟೇ ನೋಡಿ ಆರಿಸಿದರೆ ಕಾರ್ಬ್ಯುರೇಟರ್ ಚಿಕ್ಕದಾಗುತ್ತದೆ.

ಹಾಗೆಂದು ಕಂಡಾಬಟ್ಟೆ ದೊಡ್ಡದನ್ನು ತಂದರೆ? ವೆಂಚುರಿಯ ವ್ಯಾಸವನ್ನು 38ರಿಂದ 42 ಮಿಲಿಮೀಟರಿಗೆ ಏರಿಸಿದರೆ ಹೆಚ್ಚುವುದು ನಾಲ್ಕೇ ಮಿಲಿಮೀಟರ್. ಆದರೆ ಕೊರಳಿನ ವಿಸ್ತೀರ್ಣ ಶೇ 22ರಷ್ಟು ಹಿಗ್ಗುತ್ತದೆ. ಅಷ್ಟೇ ಗಾಳಿ ಹರಿಯುವಾಗ ಅದರ ವೇಗ ಶೇ 18ರಷ್ಟು ಕುಗ್ಗುತ್ತದೆ. ಪೆಟ್ರೋಲನ್ನು ಎಳೆಯುವ ಸೆಳೆತ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಅದು ಮೂರನೇ ಒಂದು ಪಾಲಿನಷ್ಟು ಬಿದ್ದೇಹೋಗುತ್ತದೆ! ರೇಸಿನ ಮೈದಾನದಲ್ಲಿ ಸದಾ 7000–8000 ಸುತ್ತಿನಲ್ಲಿ ಓಡುವ ಕಾರಿಗೆ ಇದರಿಂದ ತೊಂದರೆಯಿಲ್ಲ. ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಅಂಗಡಿಗೆ 2000–3000 ಸುತ್ತಿನಲ್ಲಿ ಓಡುವ ಕಾರಿಗೆ ಇದು ಶಿಕ್ಷೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಯಾವುದು ಲೇಸು?

ಮಾಜ್ದಾ ತಾನೇ ಅಳವಡಿಸಿದ್ದ ‘ನಿಕ್ಕಿ’ ಕಾರ್ಬ್ಯುರೇಟರಿನಲ್ಲಿ ನಾಲ್ಕು ಕೊರಳುಗಳಿವೆ. ಎರಡು ಚಿಕ್ಕವು ನಿಧಾನದ ಓಟಕ್ಕೆ. ಇನ್ನೆರಡು ದೊಡ್ಡವು ವೇಗ ಬೇಕೆಂದಾಗ ಮಾತ್ರ ತೆರೆದುಕೊಳ್ಳುತ್ತವೆ. ಪೇಟೆಯ ಓಡಾಟಕ್ಕೂ ಹೆದ್ದಾರಿಗೂ ಹೊಂದುವ ಜಾಣ ಏರ್ಪಾಡಿದು. ಆದ್ದರಿಂದ ಅನುಭವಸ್ಥರು ಹೇಳುವ ಮೊದಲ ಮಾತು: ಹಳೆಯದನ್ನು ಬಿಚ್ಚಿ, ತೊಳೆದು, ಹೊಸ ವಾಷರುಗಳನ್ನು ಹಾಕಿ ನೋಡಿ. ಅನೇಕ ವೇಳೆ ರೋಗ ಅಷ್ಟಕ್ಕೇ ವಾಸಿಯಾಗುತ್ತದೆ.

ಬದಲಿಸಲೇಬೇಕಾದರೆ ಎರಡು ಹಾದಿಗಳಿವೆ. ಒಂದು, ಅಮೆರಿಕದ ದೊಡ್ಡ ವಿ–8 ಎಂಜಿನ್ನುಗಳಿಂದ ಹೆಸರಾದ ನಾಲ್ಕು ಕೊರಳಿನ ಹೋಲಿ. ಇದರಲ್ಲಿ ದೊಡ್ಡ ಕೊರಳುಗಳು ಗಾಳಿಯ ಸೆಳೆತದಿಂದ ತಾವಾಗಿಯೇ ತೆರೆದುಕೊಳ್ಳುವ ಮಾದರಿ ರಸ್ತೆಯ ಓಡಾಟಕ್ಕೆ ಹೊಂದುತ್ತದೆ. ಇನ್ನೊಂದು, ಇಟಲಿಯ ವೆಬರ್. ಎಡೊವಾರ್ಡೊ ವೆಬರ್ 1923ರಲ್ಲಿ ಬೊಲೊನ್ಯಾದಲ್ಲಿ ಆರಂಭಿಸಿದ ಕಂಪೆನಿಯ ಹೆಸರು ರೇಸಿನ ಜಗತ್ತಿನಲ್ಲಿ ಮನೆಮಾತು. ಇದರ ಡಿಸಿಒಇ ಮಾದರಿಯಲ್ಲಿ ಗಾಳಿ ಅಡ್ಡಲಾಗಿ ನುಗ್ಗುತ್ತದೆ, ಐಡಿಎ ಮಾದರಿಯಲ್ಲಿ ಮೇಲಿನಿಂದ ಕೆಳಕ್ಕೆ. ಎರಡರಲ್ಲೂ ರೋಟರಿಗೊಂದರಂತೆ ಎರಡು ಕೊರಳುಗಳು. ‘45 ಡಿಸಿಒಇ’ ಎಂಬುದರಲ್ಲಿ 45 ಎಂದರೆ ಥ್ರಾಟಲ್ ಬಳಿಯ ವ್ಯಾಸ, ಮಿಲಿಮೀಟರಿನಲ್ಲಿ. ಒಳಗಿನ ವೆಂಚುರಿಯನ್ನು ಬಿಚ್ಚಿ ಬೇರೆ ಅಳತೆಯದನ್ನು ಹಾಕಬಹುದೆಂಬುದೇ ವೆಬರಿನ ಹಿರಿಮೆ.

ಕೊಳ್ಳುವ ಮುನ್ನ ಇನ್ನೂ ಕೆಲವು ಪ್ರಶ್ನೆಗಳಿವೆ. ಎತ್ತರದ 48 ಐಡಿಎ ಕೂರಿಸಿದರೆ ಬಾನೆಟ್ ಮುಚ್ಚುತ್ತದೆಯೆ? ಪೆಟ್ರೋಲ್ ಪಂಪಿನ ಒತ್ತಡ ಎಷ್ಟು? ವೆಬರಿಗೆ 3ರಿಂದ 3.5 ಪಿಎಸ್‌ಐ ಸಾಕು. ಹೆಚ್ಚಾದರೆ ಬಟ್ಟಲಿನ ಸೂಜಿ ವಾಲ್ವ್ ತಡೆಯಲಾರದೆ ಪೆಟ್ರೋಲು ಉಕ್ಕಿ ಎಂಜಿನ್ನಿಗೆ ನುಗ್ಗುತ್ತದೆ. ಸೀಲ್‌ಗಳ ಮೇಲಿನ ಎಣ್ಣೆಯ ಪೊರೆ ತೊಳೆದುಹೋಗಿ ಒತ್ತಡ ನಿಲ್ಲದೆ ಕಾರು ಸ್ಟಾರ್ಟೇ ಆಗುವುದಿಲ್ಲ. ಕೊನೆಯದು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ಅನಂತರದ ಪೆಟ್ರೋಲ್ ಕಾರುಗಳು ಹೊಗೆ ತಪಾಸಣೆಗೆ ಒಳಪಡಬೇಕು. ಅನುಮತಿಯಿಲ್ಲದ ಬಿಡಿಭಾಗ ಹಾಕಿದ ಕಾರು ಅಲ್ಲಿ ನಪಾಸು.

ಮರೆತುಹೋಗುವ ಎಣ್ಣೆ

ಹೊಸಬರು ಮಾಡುವ ದುಬಾರಿ ತಪ್ಪು ಇನ್ನೊಂದಿದೆ. ಏಪೆಕ್ಸ್ ಸೀಲ್‌ಗಳಿಗೆ ಎಣ್ಣೆ ಬೇಕು. ಅದಕ್ಕಾಗಿ ಮಾಜ್ದಾ ಎಂಜಿನ್ನಿನಲ್ಲಿ ಚಿಕ್ಕದೊಂದು ಎಣ್ಣೆ ಪಂಪಿದೆ. ಆಕ್ಸಿಲರೇಟರ್ ಒತ್ತಿದಷ್ಟೂ ಹೆಚ್ಚು ಎಣ್ಣೆಯನ್ನು ತೆಳು ಕೊಳವೆಗಳ ಮೂಲಕ ಅದು ಕಳಿಸುತ್ತದೆ. ಆ ಎಣ್ಣೆ ಎಂಜಿನ್ ಸೇರುವುದು ಹಳೆಯ ಕಾರ್ಬ್ಯುರೇಟರಿನ ಮೂಲಕವೇ! ಹಳೆಯದನ್ನು ಕಳಚಿ ಬದಿಗಿಟ್ಟರೆ ಎಣ್ಣೆಯ ದಾರಿಯೂ ಕಳಚಿದಂತೆ. ಹೊಸ ಕಾರ್ಬ್ಯುರೇಟರಿಗೆ ಆ ಕೊಳವೆಗಳನ್ನು ಜೋಡಿಸಬೇಕು, ಪಂಪಿನ ಸರಳನ್ನು ಥ್ರಾಟಲಿಗೆ ಸೇರಿಸಬೇಕು. ಇಲ್ಲವಾದರೆ ಪ್ರತಿ ಸಲ ಟ್ಯಾಂಕು ತುಂಬಿಸುವಾಗಲೂ ಪೆಟ್ರೋಲಿಗೆ ಲೀಟರಿಗೆ ಸುಮಾರು 10 ಮಿಲಿಲೀಟರಿನಂತೆ ಎರಡು ಸ್ಟ್ರೋಕಿನ ಎಣ್ಣೆ ಬೆರೆಸಬೇಕು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳನ್ನು ಓಡಿಸಿದ ತಂದೆಯಂದಿರಿಗೆ ಬಂಕಿನಲ್ಲಿ ಎಣ್ಣೆ ಬೆರೆಸುವ ಈ ಪದ್ಧತಿಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ

ಕಾರ್ಬ್ಯುರೇಟರ್ ಕೂರಿಸಿದರೆ ಅರ್ಧ ಕೆಲಸವಷ್ಟೇ ಮುಗಿದಂತೆ. ಉಳಿದರ್ಧ ಟ್ಯೂನಿಂಗ್. ಅದಕ್ಕೂ ಮೊದಲು ಎಂಜಿನ್ನಿನ ಆರೋಗ್ಯ ನೋಡಬೇಕು. ಪ್ರತಿ ರೋಟರಿನ ಮೂರೂ ಮುಖಗಳ ಒತ್ತಡ ಸರಿಯಿದೆಯೆ? ಪ್ಲಗ್ಗು, ಇಗ್ನಿಷನ್ ಸಮಯ ಸರಿಯಿವೆಯೆ? ಮ್ಯಾನಿಫೋಲ್ಡಿನ ಸಂದುಗಳಲ್ಲಿ ಗಾಳಿ ಸೋರುತ್ತಿಲ್ಲವಷ್ಟೆ? ಸವೆದ ಸೀಲನ್ನು ಜೆಟ್ ಬದಲಿಸಿ ಸರಿಪಡಿಸಲಾಗದು.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೊದಲು ಐಡ್ಲಿಂಗ್. ಎರಡೂ ಕೊರಳುಗಳು ಸಮನಾಗಿ ಗಾಳಿ ಎಳೆಯುವಂತೆ ಮಾಡಿ, ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ತಿರುಗಿಸುತ್ತ ಎಂಜಿನ್ ನಯವಾಗಿ ಓಡುವ ಬಿಂದುವನ್ನು ಹಿಡಿಯಬೇಕು. ತಂಬೂರಿಯ ಶ್ರುತಿ ಹಿಡಿದಂತೆ ಇಲ್ಲೂ ಕಿವಿಯೇ ಗುರು. ಪೇಟೆಯ ಓಟದ ಬಹುಪಾಲು ಐಡಲ್ ಜೆಟ್‌ನ ಮೇಲೆಯೇ ನಡೆಯುವುದರಿಂದ ಇಲ್ಲಿ ಆತುರ ಸಲ್ಲದು.

ಆಕ್ಸಿಲರೇಟರನ್ನು ಥಟ್ಟನೆ ಒತ್ತಿದಾಗ ಎಂಜಿನ್ ಮುಗ್ಗರಿಸಿದರೆ ಅದು ಆಕ್ಸಿಲರೇಟರ್ ಪಂಪಿನ ದೋಷವಿರಬಹುದು. ಹಗುರವಾದ ಗಾಳಿ ಒಮ್ಮೆಲೇ ನುಗ್ಗುತ್ತದೆ, ಭಾರವಾದ ಪೆಟ್ರೋಲು ಹಿಂದೆ ಬೀಳುತ್ತದೆ. ಆ ಕ್ಷಣದ ಕೊರತೆಯನ್ನು ಪಿಚಕಾರಿಯಂತೆ ತುಂಬುವುದೇ ಈ ಪಂಪು.

ಅನಂತರ ಮೇನ್ ಜೆಟ್. ವೆಬರಿನಲ್ಲಿ 160 ಎಂದರೆ ರಂಧ್ರದ ವ್ಯಾಸ 1.60 ಮಿಲಿಮೀಟರ್. 165ಕ್ಕೆ ಏರಿದರೆ ರಂಧ್ರದ ವಿಸ್ತೀರ್ಣ ಶೇ 6ರಷ್ಟು ಹೆಚ್ಚುತ್ತದೆ. ತೀರ ಮೇಲಿನ ವೇಗದಲ್ಲಿ ಮಿಶ್ರಣವನ್ನು ತಿದ್ದಲು ಏರ್ ಜೆಟ್ ಬೇರೆಯೇ ಇದೆ. ವೆಂಚುರಿಯ ಅಳತೆಯನ್ನು ನಾಲ್ಕರಿಂದ ಗುಣಿಸಿ ಮೇನ್ ಜೆಟ್ ಆರಿಸಬೇಕೆಂಬ ಸೂತ್ರ ಪಿಸ್ಟನ್ ಎಂಜಿನ್ನುಗಳಲ್ಲಿ ಬಳಕೆಯಲ್ಲಿದೆ. ರೋಟರಿಯಲ್ಲಿ ಅದನ್ನೇ ನಂಬಿ ಕೂರುವುದು ಅಪಾಯ. ಪೆಟ್ರೋಲು ಕಡಮೆಯಾದ, ಮೆಕ್ಯಾನಿಕ್‌ಗಳು ‘ಲೀನ್’ ಎನ್ನುವ ಮಿಶ್ರಣದಲ್ಲಿ ಪೂರ್ತಿ ವೇಗ ಹೊಡೆದರೆ ಒಳಗೆ ನಾಕಿಂಗ್ ಶುರುವಾಗುತ್ತದೆ. ಆ ಹೊಡೆತಕ್ಕೆ ಏಪೆಕ್ಸ್ ಸೀಲ್ ಮುರಿದು, ಚೂರುಗಳು ಕೋಣೆಯ ಗೋಡೆಯನ್ನು ಗೀಚುತ್ತವೆ. ಮುಂದಿನದು ಎಂಜಿನ್ನಿನ ಪೂರ್ಣ ರಿಪೇರಿ. ಹೀಗಾಗಿ ಬಲ್ಲವರು ಪೆಟ್ರೋಲು ಹೆಚ್ಚಿರುವ ದೊಡ್ಡ ಜೆಟ್‌ನಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತಾರೆ. ಪೆಟ್ರೋಲು ಹೆಚ್ಚಾದರೆ ಹೊಗೆ ಬಂದೀತು, ಪ್ಲಗ್ಗು ಕಪ್ಪಾದೀತು. ಕಡಮೆಯಾದರೆ ಎಂಜಿನ್ನೇ ಹೋದೀತು.

ಒಂದು ಭಾಗ ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಆದರೆ ಪೂರ್ಣ ಶಕ್ತಿ ಬೇಕಾದಾಗ 12.5ರಿಂದ 13 ಭಾಗ ಗಾಳಿಯ ಮಿಶ್ರಣ ಒಳ್ಳೆಯದು. ಹಿಂದೆ ಪ್ಲಗ್ಗಿನ ಬಣ್ಣ ನೋಡಿ ಊಹಿಸುತ್ತಿದ್ದರು. ಈಗ ಹೊಗೆಕೊಳವೆಗೆ ಆಮ್ಲಜನಕದ ಸೆನ್ಸರ್ ಸಿಕ್ಕಿಸಿದರೆ ಓಡುವಾಗಲೇ ಅಂಕಿ ಕಾಣುತ್ತದೆ.

ಇಷ್ಟೆಲ್ಲಕ್ಕೂ ಬೇಕಾದ ಮುಖ್ಯ ಉಪಕರಣ ಒಂದು ನೋಟ್‌ಬುಕ್ಕು. ಯಾವ ಜೆಟ್ ಇತ್ತು, ಯಾವುದು ಬಂತು, ಹವೆ ಹೇಗಿತ್ತು, ಎಂಜಿನ್ ಏನು ಮಾಡಿತು – ಎಲ್ಲವನ್ನೂ ಬರೆದಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದೇ ಇಲ್ಲ. ಪ್ರಯೋಗಶಾಲೆಯಲ್ಲಿ ಮೇಷ್ಟ್ರು ಹೇಳುವುದೂ ಇದನ್ನೇ ಅಲ್ಲವೆ?

ಕೋಲಾರದ ಆಕಾಶದಲ್ಲಿ

ರೋಟರಿ ಎಂಜಿನ್ ಕರ್ನಾಟಕಕ್ಕೆ ಪೂರ್ತಿ ಹೊರಗಿನದೇನಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಮತ್ತು ರಕ್ಷಣಾ ಸಂಶೋಧನಾಲಯಗಳು ಕೂಡಿ 55 ಅಶ್ವಶಕ್ತಿಯ ವ್ಯಾಂಕೆಲ್ ಎಂಜಿನ್ನನ್ನು ರೂಪಿಸಿದವು. 2009ರಲ್ಲಿ ಕೋಲಾರದ ಬಳಿ ಚಾಲಕರಹಿತ ‘ನಿಶಾಂತ್’ ವಿಮಾನ ಅದೇ ಎಂಜಿನ್ನಿನ ಬಲದಿಂದ ಹಾರಿತು. ಹಗುರ, ಚಿಕ್ಕದು, ಅದುರುವುದು ಕಡಮೆ ಎಂಬ ಗುಣಗಳೇ ಅಲ್ಲಿ ಅದನ್ನು ಆರಿಸಲು ಕಾರಣ. ಮಾಜ್ದಾ ಕೂಡ 2012ರಲ್ಲಿ ಆರ್‌ಎಕ್ಸ್–8 ಕಾರನ್ನು ನಿಲ್ಲಿಸಿದ ಮೇಲೆ ರೋಟರಿಯನ್ನು ಪೂರ್ತಿ ಕೈಬಿಡಲಿಲ್ಲ. 2023ರಲ್ಲಿ ವಿದ್ಯುತ್ ಕಾರೊಂದರ ಬ್ಯಾಟರಿಗೆ ಶಕ್ತಿ ತುಂಬುವ ಜನರೇಟರಾಗಿ ಅದನ್ನು ಮರಳಿ ತಂದಿತು.

ಕಾರ್ಬ್ಯುರೇಟರಿನ ಕಾಲ ಮುಗಿಯುತ್ತಿದೆ. ಹೊಸ ಕಾರುಗಳಲ್ಲಿ ಅದರ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಆದರೂ ಮನೆಯ ಶೆಡ್ಡಿನಲ್ಲಿ ಹಳೆಯ ಎಂಜಿನ್ ಬಿಚ್ಚಿಕೊಂಡು ಕೈ ಮಸಿ ಮಾಡಿಕೊಂಡ ಮಗನನ್ನೋ ಮಗಳನ್ನೋ ಕಂಡರೆ ಗದರುವ ಮುನ್ನ ಪಕ್ಕದಲ್ಲಿ ನೋಟ್‌ಬುಕ್ಕು ಇದೆಯೇ ಎಂದು ತಂದೆತಾಯಂದಿರು ನೋಡಬೇಕು. ಅಂಕಿಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರೆ ಅಲ್ಲಿ ನಡೆಯುತ್ತಿರುವುದು ಪಾಠವೇ. ಬರೆದಿಟ್ಟುಕೊಳ್ಳದಿದ್ದರೆ ಒಂದು ಪುಸ್ತಕ, ಪೆನ್ಸಿಲು ತಂದುಕೊಟ್ಟರೆ ಸಾಕು. ದೊಡ್ಡ ಕಾರ್ಬ್ಯುರೇಟರಿಗಿಂತ ಅದು ಎಷ್ಟೋ ಅಗ್ಗ!