ಹೊಸ್ತಿಲೊಳಗಿನ ಬೆಕ್ಕು

ಹಳೆಯ ಮನೆಯನ್ನು ಬಿಟ್ಟು ಹೊರಡುವ ಸಂಸಾರವು ಪಾತ್ರೆಪಡಗಗಳನ್ನೆಲ್ಲ ಎಣಿಸಿ ಗಾಡಿಗೆ ಏರಿಸುವುದು. ಹಿತ್ತಿಲ ಗೋಡೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿರುವ ಬೆಕ್ಕಿನ ನೆನಪು ಮಾತ್ರ ಕಟ್ಟಕಡೆಗೆ ಬರುವುದು. “ಬೆಕ್ಕಲ್ಲವೇ, ಹೇಗಾದರೂ ಬದುಕಿಕೊಳ್ಳುವುದು” ಎಂದು ಬಿಟ್ಟುಹೋಗುವವರುಂಟು. ಇದು ಸರಿಯಲ್ಲ. ಅನ್ನವಿಕ್ಕಿದ ಕೈ ದೂರವಾದ ಮೇಲೆ ಬೀದಿನಾಯಿ, ವಾಹನ, ರೋಗಗಳ ನಡುವೆ ಅದು ಬಹುಕಾಲ ಬಾಳುವುದು ಕಷ್ಟ. ಹೆಂಚಿನ ಮಾಡಿನ ಮೇಲೆ ಸ್ವೇಚ್ಛೆಯಾಗಿ ತಿರುಗಿದ ಬೆಕ್ಕನ್ನು ಬೆಂಗಳೂರಿನಂತಹ ನಗರದ ಬಹುಮಹಡಿಯ ಮನೆಗೆ ಒಗ್ಗಿಸಬಹುದೇ? ತಾಳ್ಮೆಯಿದ್ದರೆ ಬಹುಮಟ್ಟಿಗೆ ಸಾಧ್ಯವೆಂದೇ ನಮ್ಮ ಉತ್ತರ.

ನಾಯಿಯು ಯಜಮಾನನನ್ನು ನೆಚ್ಚಿದರೆ ಬೆಕ್ಕು ತಾಣವನ್ನು ನೆಚ್ಚುವುದು. ಅದು ಆಫ್ರಿಕದ ಕಾಡುಬೆಕ್ಕಿನ ಸಂತತಿ. ಬೇಟೆಯಾಡುವುದು, ಎತ್ತರಕ್ಕೆ ಹತ್ತುವುದು, ಉಗುರು ಮಸೆಯುವುದು, ಮಣ್ಣು ಕೆದಕುವುದು ಅದರ ರಕ್ತದಲ್ಲಿಯೇ ಬಂದ ಗುಣಗಳು. ಹೊರಗೆ ದೊರೆಯುತ್ತಿದ್ದ ಇವೆಲ್ಲವನ್ನೂ ಒಳಗೆ ಬೇರೊಂದು ರೂಪದಲ್ಲಿ ಒದಗಿಸತಕ್ಕದ್ದು. ಬರಿದೆ ಕದವಿಕ್ಕಿದರೆ ಮನೆಯೇ ಅದಕ್ಕೆ ಸೆರೆಮನೆಯಾದೀತು.

ಮೊದಲ ಕೆಲವು ದಿನ ಒಂದೇ ಕೋಣೆ ಸಾಕು. ಅಲ್ಲಿ ಅದರ ಹಳೆಯ ಕೌದಿಯನ್ನು ಒಗೆಯದೆ ಹಾಸಬೇಕು. ಪರಿಚಿತವಾದ ವಾಸನೆಯೇ ಅದಕ್ಕೆ ಧೈರ್ಯ. ಅಡಗಲು ರಟ್ಟಿನ ಪೆಟ್ಟಿಗೆಯೊಂದಿರಲಿ. ಅಡಗಿದುದನ್ನು ಎಳೆದು ತೆಗೆಯಕೂಡದು. ಅಗಲವಾದ ತಟ್ಟೆಯಲ್ಲಿ ಮರಳು ತುಂಬಿ, ಊಟದ ಸ್ಥಳದಿಂದ ದೂರವಿರಿಸಿ, ದಿನವೂ ಶುಚಿಮಾಡಬೇಕು. ಒಂದು ಬೆಕ್ಕಿಗೆ ಇಂತಹ ಎರಡು ತಟ್ಟೆಗಳಿದ್ದರೆ ಲೇಸು. ಗಂಡುಬೆಕ್ಕು ಮೂತ್ರಕ್ಕೆಂದು ತಿಣುಕಿಯೂ ಮೂತ್ರ ಬಾರದಿದ್ದರೆ ಅದು ಪ್ರಾಣಕ್ಕೇ ಅಪಾಯ. ಒಡನೆಯೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಮುಂಜಾವು ಮತ್ತು ಮುಸ್ಸಂಜೆಗಳು ಬೆಕ್ಕಿನ ಬೇಟೆಯ ವೇಳೆ. ಆಗಲೇ ಬಾಗಿಲ ಬಳಿ ಅದರ ಕೂಗು ಹೆಚ್ಚು. ನಾವೂ ಒಮ್ಮೆ ಮೂರನೆಯ ರಾತ್ರಿ ಕನಿಕರದಿಂದ ಬಾಗಿಲು ತೆರೆದೆವು; ಮರುದಿನದಿಂದ ಕೂಗು ಇಮ್ಮಡಿಯಾಯಿತು. ಕೂಗಿದರೆ ಕದ ತೆರೆಯುವುದೆಂದು ಅದು ಕಲಿತುಬಿಟ್ಟಿತ್ತು! ಹೊಡೆದರೂ ಫಲವಿಲ್ಲ, ಭಯವಷ್ಟೇ ಬೆಳೆಯುವುದು. ಅದೇ ವೇಳೆಗೆ ಹತ್ತು ನಿಮಿಷ ಆಟವಾಡಿಸಿ, ಬಳಿಕ ಊಟವಿಕ್ಕುವುದು ತಕ್ಕ ಉಪಾಯ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯುಂಟಷ್ಟೆ. ಇಲ್ಲಿ ಇಲಿಯ ಪಾತ್ರವನ್ನು ದಾರಕ್ಕೆ ಕಟ್ಟಿದ ಬಟ್ಟೆಯ ಚೂರು ವಹಿಸಲಿ. ಆಟ ಮುಗಿದೊಡನೆ ದಾರವನ್ನು ಎತ್ತಿಡಬೇಕು. ನುಂಗಿದರೆ ಕರುಳಿಗೆ ಅಪಾಯ.

ಮೈ ನೀಡಿ ನಿಂತರೆ ಎಟಕುವಷ್ಟು ಎತ್ತರದ ಕಂಬಕ್ಕೆ ನಾರಿನ ಹಗ್ಗ ಸುತ್ತಿದರೆ ಉಗುರು ಮಸೆಯಲು ಸಾಕು. ಕುರ್ಚಿ, ಪರದೆಗಳು ಬಹುಪಾಲು ಉಳಿಯುವುವು. ಕಿಟಕಿಯ ಬಳಿ ಎತ್ತರದ ಹಲಗೆಯೊಂದನ್ನು ಹಾಕಿದರೆ ಬಿಸಿಲೂ ಹಕ್ಕಿಗಳ ನೋಟವೂ ದೊರೆಯುವುವು. ಆದರೆ ಕಿಟಕಿಗೂ ಬಾಲ್ಕನಿಗೂ ಗಟ್ಟಿಯಾದ ಜಾಲರಿ ಇರಲೇಬೇಕು. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಬದುಕುವುದೆಂಬುದು ಭ್ರಮೆ.

ಹೊರಗೆ ಇಲಿ ಹಿಡಿಯುತ್ತಿದ್ದ ಬೆಕ್ಕಿಗೆ ಒಳಗೆ ಹಾಲನ್ನ ಮಾತ್ರ ಸಾಲದು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದು. ಮಾಂಸದಲ್ಲಿರುವ ಟಾರಿನ್ ಎಂಬ ಸತ್ತ್ವವು ಸಾಲದಿದ್ದರೆ ಕಣ್ಣೂ ಹೃದಯವೂ ಕೆಡುವುವು. ಮನೆಯಲ್ಲಿ ಮಾಂಸ ಬೇಯಿಸದವರು ಬೆಕ್ಕಿಗೆಂದೇ ಸಿದ್ಧವಾದ ಪೂರ್ಣಾಹಾರವನ್ನು ಕೊಳ್ಳಬಹುದು. ಹುಚ್ಚುರೋಗದ ಚುಚ್ಚುಮದ್ದನ್ನು ಹಾಕಿಸಬೇಕು. ಸಂತಾನಹರಣ ಚಿಕಿತ್ಸೆಯಾದರೆ ಹೊರಗೆ ಅಲೆಯುವ ಹಂಬಲವೂ ತಗ್ಗುವುದು. ನಾವು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷವೆಂಬುದನ್ನು ಮರೆಯಬಾರದು.

ಕೆಲವು ಬೆಕ್ಕುಗಳು ವಾರಗಳಲ್ಲಿ ಒಗ್ಗುವುವು, ಕೆಲವಕ್ಕೆ ತಿಂಗಳುಗಳು ಬೇಕು. ವಯಸ್ಸಾದ ಬೆಕ್ಕು ಕೊನೆಯವರೆಗೂ ಒಮ್ಮೊಮ್ಮೆ ಬಾಗಿಲ ಕಡೆಗೆ ನೋಡುತ್ತಿರಬಹುದು. ಅದನ್ನು ನಾವು ಸಹಿಸಬೇಕು. ಒಂದು ದಿನ ಅದು ಪೆಟ್ಟಿಗೆಯನ್ನು ಬಿಟ್ಟು ನಡುಮನೆಯ ಬಿಸಿಲಿನಲ್ಲಿ ಹೊಟ್ಟೆ ಮೇಲಾಗಿ ಮಲಗುವುದು. ಅಂದು ಆ ಮನೆ ಅದರದೂ ಆಯಿತೆಂದು ತಿಳಿಯಬಹುದು.