ಸಾಕಿಲಿಯೂ ಮನೆಯಿಲಿಯೂ

ಮಕ್ಕಳು ಮುದ್ದಿಗೆಂದು ಸಾಕುವ ಬಿಳಿಯ ಇಲಿಯೂ ಸುರಪುರ ಸೀಮೆಯ ಮನೆಗಳಲ್ಲಿ ಜೋಳದ ಚೀಲವನ್ನು ಕಡಿಯುವ ಇಲಿಯೂ ಒಂದೇ ಜಾತಿಯವೆಂದು ಭಾವಿಸುವುದುಂಟು. ಇದು ಸರಿಯಲ್ಲ. ಸಾಕಿಲಿಯು ಕಂದು ಇಲಿಯ ತಳಿ; ಆ ಮೂಲ ಜಾತಿಯು ಭಾರತದಲ್ಲಿ ಹೆಚ್ಚಾಗಿ ರೇವುಪಟ್ಟಣಗಳಲ್ಲಿ ಕಾಣುವಂಥದು. ಬಣ್ಣವನ್ನು ನಂಬಲಾಗದು; ಸಾಕಿಲಿಗಳಲ್ಲಿ ಕರಿಯವೂ ಉಂಟು. ಬಾಲವನ್ನು ನೋಡಬೇಕು. ಮನೆಯಿಲಿಯ ಬಾಲವು ತಲೆಯೂ ಮೈಯೂ ಸೇರಿದುದಕ್ಕಿಂತ ಉದ್ದ. ಕಿವಿ ದೊಡ್ಡದು, ತೆಳುವಾದುದು. ಸಾಕಿಲಿಯ ಬಾಲ ಗಿಡ್ಡ, ಮೈ ದಪ್ಪ, ಮೂತಿ ಮೊಂಡು.

ಗಬ್ಬವು ಸುಮಾರು 3 ವಾರಗಳಷ್ಟೇ ಆದುದರಿಂದ ಗಂಡುಹೆಣ್ಣುಗಳನ್ನು ಬೇರೆಬೇರೆಯಾಗಿ ಇಡತಕ್ಕದ್ದು. ಮನೆಯಿಲಿಯ ಮೂತ್ರದಿಂದ ಇಲಿಜ್ವರವು ಸಾಕಿಲಿಗೂ, ಅದರಿಂದ ಮಕ್ಕಳಿಗೂ ತಗಲಬಹುದು. ಧಾನ್ಯದ ಕೋಣೆಯಲ್ಲಿ ಸತುವಿನ ಫಾಸ್ಫೈಡ್ ಇಟ್ಟಿರುವಾಗ ಸಾಕಿಲಿಯನ್ನು ಗೂಡಿನಿಂದ ಬಿಡಲೇಕೂಡದು. ಇಲಿಗೆ ವಾಂತಿಯಾಗದು, ತಿಂದ ವಿಷವೆಲ್ಲ ಹೊಟ್ಟೆಯಲ್ಲಿಯೇ ಉಳಿಯುವುದು.