ಬಾಣಂತಿಯ ಕೂದಲುದುರುವಿಕೆ: ತೈಲವೂ ಮಾತ್ರೆಯೂ

ಹೆರಿಗೆಯಾದ ಎರಡು ಮೂರು ತಿಂಗಳಿಗೆ ತಲೆಗೂದಲು ಹಿಡಿಹಿಡಿಯಾಗಿ ಉದುರುವುದನ್ನು ಕಂಡು ಕಡಹಿನಬೈಲಿನಂತಹ ಮಲೆನಾಡಿನ ಗ್ರಾಮಗಳ ತಾಯಂದಿರು ಗಾಬರಿಗೊಳ್ಳುವುದುಂಟು. ಗರ್ಭಕಾಲದಲ್ಲಿ ಉದುರದೆ ಉಳಿದಿದ್ದ ಕೂದಲೇ ಈಗ ಒಮ್ಮೆಲೇ ಉದುರುತ್ತದೆ. ಸಾಮಾನ್ಯವಾಗಿ ಒಂದು ವರ್ಷದೊಳಗೆ ಮತ್ತೆ ಬೆಳೆಯುತ್ತದೆ. ಆದರೆ ರಕ್ತಹೀನತೆಯೋ ಥೈರಾಯ್ಡ್ ದೋಷವೋ ಇದ್ದಲ್ಲಿ ಉದುರುವಿಕೆ ಮುಂದುವರಿಯಬಹುದು. ಆದುದರಿಂದ ರಕ್ತಪರೀಕ್ಷೆ ಮೊದಲು, ಔಷಧಿ ಅನಂತರ.

ಗರುಗದ ಸೊಪ್ಪಿನ ಎಣ್ಣೆಯನ್ನು ತಲೆಗೆ ಹಚ್ಚುವುದರಿಂದ ಕಬ್ಬಿಣಾಂಶದ ಮಾತ್ರೆಗೆ ಅಡ್ಡಿಯೇನೂ ಇಲ್ಲ. ಹೊಟ್ಟೆಗೆ ಸೇವಿಸುವ ಔಷಧಿಯ ವಿಷಯ ಬೇರೆ. ಅಳಲೆ, ತಾರೆಕಾಯಿಗಳ ಒಗರು ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳದಂತೆ ತಡೆಯುತ್ತದೆ. ಕಾಫಿ, ಚಹಾಗಳ ಗುಣವೂ ಇದೇ. ಕಷಾಯಕ್ಕೂ ಮಾತ್ರೆಗೂ ನಡುವೆ ಎರಡು ಗಂಟೆಗಳ ಅಂತರವಿರಲಿ. ಹೆರಿಗೆಯ ನಂತರವೂ 180 ದಿನ ಈ ಮಾತ್ರೆಯನ್ನು ಸೇವಿಸಬೇಕು. ಕಷಾಯ ಕುಡಿಯುತ್ತಿರುವೆನೆಂದು ಬಿಡತಕ್ಕದ್ದಲ್ಲ.

ಹೆಸರು ಬರೆಯದ ಪೊಟ್ಟಣದ ಭಸ್ಮವನ್ನು ಬಾಣಂತಿಗೆ ಕೊಡಲೇಬೇಡಿ. ಅಂತಹ ಕೆಲವದರಲ್ಲಿ ಸೀಸ, ಪಾದರಸಗಳಿದ್ದು, ಎದೆಹಾಲಿನ ಮೂಲಕ ಕೂಸಿಗೂ ಸೇರುತ್ತವೆ.

ಪತಿಯು ತನ್ನ ಬಕ್ಕತಲೆಗೆಂದು ತಂದ ಮಿನಾಕ್ಸಿಡಿಲ್ ದ್ರಾವಣವನ್ನು, ಪ್ರೀತಿಯಿಂದಲೇ ಆಗಲಿ, ಪತ್ನಿಗೆ ಹಚ್ಚಬಾರದು. ಹಾಲುಣಿಸುವವರಿಗೆ ಅದು ಸಲ್ಲದು. ಆತನೂ ಅದನ್ನು ಒಣ ನೆತ್ತಿಗೆ ಹಚ್ಚಿ, ನಾಲ್ಕು ಗಂಟೆಗಳ ಬಳಿಕವೇ ತೈಲ ಹಚ್ಚಬೇಕು. ಪುರುಷರಿಗೆ ಕೊಡುವ ಫಿನಾಸ್ಟರೈಡ್ ಮಾತ್ರೆಯು ಒಡೆದಿದ್ದರೆ ಗರ್ಭಿಣಿಯು ಮುಟ್ಟಲೂಬಾರದು. ಗರ್ಭದಲ್ಲಿರುವ ಗಂಡುಶಿಶುವಿನ ಜನನಾಂಗಗಳ ಬೆಳವಣಿಗೆಗೆ ಅದರಿಂದ ಕೇಡುಂಟು.

ಕೊಪ್ಪದ ಆಯುರ್ವೇದ ಕಾಲೇಜಿಗೆ ಹೋಗುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯನ್ನು ಅಲ್ಲಿ ತೋರಿಸಬೇಕು; ಅಲ್ಲಿ ಕೊಟ್ಟ ಔಷಧಿಗಳ ಹೆಸರನ್ನು ಇಲ್ಲಿಯ ವೈದ್ಯಾಧಿಕಾರಿಗೂ ತಿಳಿಸಬೇಕು.